ಹೆಸರು ಆಮೇಲೆ

ನಿನ್ನ ನಾಲಿಗೆಗೆ ಎಲುಬಿಲ್ಲ ಅಂತ ಅಕ್ಕ ನನಗೆ ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದಾಳೆ. ಯಾರ ನಾಲಿಗೆಗೆ ಇದೆ ತೋರಿಸು ಅಂತ ನಾನೂ ತಿರುಗಿ ಹೇಳುತ್ತಾ ಬಂದಿದ್ದೇನೆ. ಅದಕ್ಕೇ ಅವಳು ನನ್ನನ್ನು ಕರೆಯೋದು ಮಾತಿನಮಲ್ಲಿ ಅಂತ, ಪುರುಸೊತ್ತಿಲ್ಲದಾಗ ಬರೀ ಮಲ್ಲಿ. ಈಗ ಹೇಳಹೊರಟಿರೋದನ್ನು ನಾನು ಬಾಯಲ್ಲಿ ಆಡಿದ್ದರೆ ಒಂದು ಬೈಗುಳ ತಿಂದು ಮುಗಿಯುತ್ತಿತ್ತು. ನಾನು ಅದನ್ನು ನೂಲಿನಲ್ಲಿ ನೇಯಿಸಿದೆ. ಒಂದಲ್ಲ, ಮುನ್ನೂರು.

ನಮ್ಮದೊಂದು ಪತ್ರಿಕೆ. ಹೆಸರು 'ಬಿಡುವು'. ಹಿಂದೆ ಮುಂದೆ ಯಾವ ದೊಡ್ಡ ಮನುಷ್ಯರೂ ಇಲ್ಲ, ಮೂರೇ ಜನ. ನಾನು ಬರೆಯೋದು, ಬೇರೆಯವರು ಬರೆದದ್ದನ್ನು ತಿದ್ದೋದು. ಫೋಟೋದವಳು ಫೋಟೋ. ಪುಟ ಕಟ್ಟುವವನಿಗೆ ಮಾರ್ಜಿನ್ ಅಂತಲೇ ಹೆಸರು ಬಿದ್ದಿದೆ. ಪುಟದ ಸುತ್ತ ಬಿಡುವ ಬಿಳಿ ಜಾಗ ಕೂದಲೆಳೆಯಷ್ಟು ಕಡಿಮೆಯಾದರೂ ಅವನಿಗೆ ಊಟ ಸೇರೋದಿಲ್ಲ. ಮನೆ ಹೇಗಿಟ್ಟುಕೊಳ್ಳಬೇಕು, ಬಟ್ಟೆ ಹೇಗೆ ಉಡಬೇಕು, ಕಿಟಕಿ ಪಕ್ಕ ಏನೂ ಮಾಡದೆ ಹೇಗೆ ಕೂರಬೇಕು, ಇಂಥದ್ದೇ ನಮ್ಮ ಸಂಚಿಕೆಗಳ ತುಂಬ. ಏನೂ ಮಾಡದೆ ಕೂರೋದರ ಬಗ್ಗೆ ಬರೆಯೋದಕ್ಕೆ ನಮಗೆ ಭಾನುವಾರವೂ ರಜ ಸಿಗುತ್ತಿರಲಿಲ್ಲ. ಅಕ್ಕ ಮೊದಲ ಸಲ ಆಫೀಸಿಗೆ ಬಂದವಳು ಗೋಡೆ ಮೇಲಿನ ಚೆಂದದ ಚಿತ್ರಗಳನ್ನೆಲ್ಲ ನೋಡಿ, ಕಾಲು ಮುರಿದ ಕುರ್ಚಿಯನ್ನೂ ನೋಡಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂದಿದ್ದಳು.

ಪತ್ರಿಕೆಯವರಿಗೆ ಒಂದು ಅಭ್ಯಾಸ ಇರುತ್ತೆ. ಲೇಖನ ಕೈಗೆ ಬರೋ ಮೊದಲೇ ಪುಟ ಕಟ್ಟಬೇಕಾಗುತ್ತೆ. ಅಕ್ಷರ ಎಷ್ಟು ಜಾಗ ಹಿಡಿಯುತ್ತೆ ಅಂತ ನೋಡೋದಕ್ಕೆ ಏನಾದರೊಂದು ಬರೆದು ತುಂಬಿಸಿರುತ್ತೇವೆ. ಅದಕ್ಕೆ ಡಮ್ಮಿ ಅಂತೇವೆ. ಬೇರೆ ಕಡೆ 'ಇಲ್ಲಿ ಬರಹ ಬರುತ್ತದೆ' ಅಂತ ಸಭ್ಯವಾಗಿ ಹಾಕುತ್ತಾರಂತೆ. ನನಗೆ ಅಷ್ಟು ಸಭ್ಯತೆ ಎಲ್ಲಿಂದ ಬರಬೇಕು? 'ಈ ನಟನ ತಲೆ ಮೇಲಿರೋದರ ಅರ್ಧ ಒಳಗಿದ್ದಿದ್ದರೆ' ಅಂತಲೋ, 'ಈಯಮ್ಮನ ಸೋಫಾ ಪ್ರಲಾಪ ಹತ್ತು ಸಾಲು' ಅಂತಲೋ ಬರೆಯುತ್ತಿದ್ದೆ. ಮಾರ್ಜಿನ್ ಬಿದ್ದು ಬಿದ್ದು ನಗುತ್ತಿದ್ದ. ಅಚ್ಚಿಗೆ ಹೋಗೋ ಮೊದಲು ಪುಟಗಳೆಲ್ಲ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಹೋಗುತ್ತಿದ್ದವು. ಅವರು ಕನ್ನಡಕ ಮೂಗಿನ ತುದಿಗಿಳಿಸಿ, ಒಂದು ಅಲ್ಪವಿರಾಮವನ್ನೂ ಬಿಡದೆ ಓದಿ, ಇಂಥ ಕಿಡಿಗೇಡಿತನಗಳ ಕೆಳಗೆಲ್ಲ ಕೆಂಪು ಗೆರೆ ಎಳೆದು ಕಳಿಸುತ್ತಿದ್ದರು. ಹಾಗಾಗಿ ಹನ್ನೊಂದು ವರ್ಷದಲ್ಲಿ ನನ್ನ ಒಂದು ಡಮ್ಮಿಯೂ ಹೊರಗೆ ಬಿದ್ದಿರಲಿಲ್ಲ.

ಇನ್ನು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಟೈಲರ್. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಇಳಿಜಾರು ಜಾಗವೇ ಅವಳ ಅಂಗಡಿ. ಎದ್ದು ನಿಂತರೆ ತಲೆ ತಗಲುತ್ತೆ, ಅದಕ್ಕೇ ಅವಳು ಏಳೋದೇ ಇಲ್ಲ. ಪ್ಯಾಂಟು ಮೊಟಕು ಮಾಡೋದು, ಜಿಪ್ಪು ಹಾಕೋದು, ಜೊತೆಗೆ ದೊಡ್ಡ ಅಂಗಡಿಗಳಿಂದ ಕಟ್ಟುಗಟ್ಟಲೆ ಬರೋ ಬಟ್ಟೆ ಹೊಲಿಯೋದು. ಆ ಅಂಗಡಿಗಳ ಹೆಸರಿನ ಲೇಬಲ್ಲುಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿರುತ್ತಿದ್ದವು. ಹೊಲಿಯೋದು ಇವಳು, ಕಾಲರಿನೊಳಗೆ ಹೆಸರು ಅವರದು. ಇಪ್ಪತ್ತೇಳು ವರ್ಷ.

ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ಒಂಬತ್ತನೇ ಕ್ಲಾಸು. ಇಬ್ಬರನ್ನೂ ಓದಿಸೋ ಶಕ್ತಿ ಮನೆಗಿರಲಿಲ್ಲ. ಅವಳು ಶಾಲೆ ಬಿಟ್ಟು ಮೆಷಿನ್ ಮುಂದೆ ಕೂತಳು, ನಾನು ಕಾಲೇಜಿನ ತನಕ ಓದಿದೆ. ನೆಂಟರು ಕೇಳಿದರೆ ಅಮ್ಮ, "ದೊಡ್ಡವಳಿಗೆ ಓದು ತಲೆಗೆ ಹತ್ತಲಿಲ್ಲ" ಅನ್ನುತ್ತಿದ್ದಳು. ದುಡ್ಡಿಲ್ಲ ಅನ್ನೋದಕ್ಕಿಂತ ಹತ್ತಲಿಲ್ಲ ಅನ್ನೋದು ಮನೆಯ ಮಾನಕ್ಕೆ ಹಗುರ. ಕ್ರಮೇಣ ಅಕ್ಕನೂ ಹಾಗೇ ಹೇಳಿಕೊಂಡು ನಗೋಕೆ ಶುರು ಮಾಡಿದಳು. ಅವಳು ಕ್ಲಾಸಿಗೇ ಮೊದಲು ಬರುತ್ತಿದ್ದವಳು ಅನ್ನೋದು ನನಗೆ ಗೊತ್ತು. ಚೆನ್ನಾಗಿ ಗೊತ್ತು.

ಅಕ್ಕ ತನಗೋಸ್ಕರ ಒಂದು ಕೋಟು ಹೊಲಿದುಕೊಂಡಿದ್ದಳು. ಕೂತು ಬಗ್ಗಿದಾಗ ಕತ್ತರಿ ಹೊಟ್ಟೆಗೆ ಚುಚ್ಚಬಾರದು ಅಂತ ಜೇಬನ್ನು ಓರೆಯಾಗಿ ಹಿಂದಕ್ಕೆ ಎಳೆದಿದ್ದಳು. ಕೈ ಚಾಚಿದಾಗ ಹಿಡಿಯದ ಹಾಗೆ ಬೆನ್ನಲ್ಲಿ ಒಂದು ಮಡಿಕೆ ಬಿಟ್ಟಿದ್ದಳು. ನೂಲು ಸಿಕ್ಕಿಕೊಳ್ಳದಿರಲಿ ಅಂತ ಗುಂಡಿಗಳನ್ನು ಪಟ್ಟಿಯ ಒಳಗೆ ಅಡಗಿಸಿದ್ದಳು. ಅಂಥದ್ದೇ ಒಂದನ್ನು ನನಗೂ ಕೊಟ್ಟಳು. ಒಂದು ದಿನ 'ಸುಮ್ಮನೆ ಕೂರುವುದು' ಲೇಖನಕ್ಕೆ ಮಾಡೆಲ್ ಕೈಕೊಟ್ಟಳು, ಕೋಟು ಹಾಕಿಕೊಂಡು ನಾನೇ ಕಿಟಕಿ ಪಕ್ಕ ಸುಮ್ಮನೆ ಕೂತೆ. ಮೂರು ತಿಂಗಳು ಒದ್ದಾಡಿ ಬರೆದ ಲೇಖನದ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಕೋಟು ಎಲ್ಲಿ ಸಿಗುತ್ತೆ ಅಂತ ರಾಶಿ ಪತ್ರ ಬಂತು.

"ನಾವೇ ಮಾಡಿಸಿ ಮಾರೋಣ" ಅಂದಳು ಫೋಟೋದವಳು. ಆಫೀಸಿನ ಕೆಳಗಿದ್ದ ಗಡಿಯಾರ ರಿಪೇರಿ ಅಂಗಡಿಯೂ ಖಾಲಿಯಾಗಿತ್ತು, ಅದನ್ನೇ ಬಾಡಿಗೆಗೆ ಹಿಡಿದೆವು. ಓದಿದ್ದನ್ನು ಉಡಬಹುದು, ನೋಡಿದ್ದನ್ನು ಮನೆಗೆ ಒಯ್ಯಬಹುದು ಅಂತ ನಾನೇ ಪುಟಗಟ್ಟಲೆ ಬರೆದೆ. ಆಮೇಲೆ ಅಕ್ಕನ ಹತ್ತಿರ ಹೋದೆ.

ಅವಳು ಕೇಳಿಸಿಕೊಂಡಳು. ಮೊಳೆಗೆ ನೇತುಹಾಕಿದ್ದ, ಕೋಟಿನ ಬಟ್ಟೆ ಕತ್ತರಿಸೋ ಕಂದು ಕಾಗದದ ಅಚ್ಚುಗಳನ್ನು ಇಳಿಸಿ, ಧೂಳು ಹೊಡೆದು, ನನ್ನ ತೊಡೆ ಮೇಲಿಟ್ಟಳು.

"ತಗೊಂಡು ಹೋಗು. ಫ್ಯಾಕ್ಟರಿಯವರಿಗೆ ಹೇಳು, ಬೆನ್ನಿನ ಮಡಿಕೆ ಕಬಳಿಸಬಾರದು ಅಂತ. ಬಟ್ಟೆ ಉಳಿಸೋ ಆಸೇಲಿ ಮೊದಲು ಅದನ್ನೇ ಕಬಳಿಸ್ತಾರೆ."

"ನಿನಗೇನು ಬೇಕು ಅಕ್ಕ? ಕೇಳು."

ಬಾಬಿನ್ನಿಗೆ ನೂಲು ಸುತ್ತಿ ಮುಗಿಸಿದಳು. "ಇಷ್ಟು ವರ್ಷ ಊರವರ ಹೆಸರೆಲ್ಲ ಹೊಲಿದಿದ್ದೀನಿ ಕಣೇ ಮಲ್ಲಿ. ಕಾಲರಿನ ಒಳಗೆ ನನ್ನದೊಂದು ಹಾಕಿಸ್ತೀಯಾ? ಸಣ್ಣಕ್ಕಿದ್ದರೂ ಸಾಕು."

ಅಷ್ಟೇ ಕೇಳಿದ್ದು. ನಾನು ದೊಡ್ಡ ಮನಸ್ಸಿನವಳ ಹಾಗೆ, "ಬರೀ ಹೆಸರಲ್ಲ, ನಿನ್ನ ಮಾತೂ ಎರಡು ಸಾಲು ಹಾಕೋಣ" ಅಂದೆ. ಮಾರನೇ ವಾರ ಅವಳ ಮಾತು ಬರೆದುಕೊಳ್ಳೋದಕ್ಕೆ ಹೋದೆ. ಅಕ್ಕ ತಲೆ ಬಾಚಿಕೊಂಡು, ಮೆಷಿನ್ ಮೇಲೆ ಬಟ್ಟೆ ಮುಚ್ಚಿ, ಗಿರಾಕಿಗಳನ್ನು ಆಮೇಲೆ ಬನ್ನಿ ಅಂತ ಕಳಿಸಿ ಕಾದು ಕೂತಿದ್ದಳು. ಮೊದಲ ಮೆಷಿನ್ ಯಾರದು, ಮೊದಲ ಕಾಜಾ ಎಷ್ಟು ಸೊಟ್ಟ ಬಂತು, ಸೂಜಿ ಹೆಬ್ಬೆರಳು ಹೊಕ್ಕ ದಿನ ಅಪ್ಪ ಹಾಸಿಗೆಯಿಂದಲೇ ಹೇಗೆ ಅತ್ತ, ಎಲ್ಲಾ ಹೇಳಿದಳು. ಎರಡು ತಾಸು. ಅರ್ಧ ತಾಸಿಗೇ ನಾನು ಫೋನ್ ನೋಡೋಕೆ ಶುರು ಮಾಡಿದ್ದೆ. ಅವಳು ಅದನ್ನು ನೋಡಿ, "ಬೇಗ ಮುಗಿಸ್ತೀನಿ" ಅಂದಿದ್ದೂ ನನಗೆ ನೆನಪಿದೆ.

ಆಫೀಸಿಗೆ ಬಂದರೆ ಮಾರ್ಜಿನ್ ಬಾಗಿಲಲ್ಲೇ ಹಿಡಿದ. "ಲೇಬಲ್ ನೇಯೋರು ಅಳತೆ ಕೇಳ್ತಿದಾರೆ. ಎಷ್ಟು ಸಾಲು? ಏನಾದ್ರೂ ಹೊಡೆದು ಕೊಡು ಮಾರಾಯ್ತಿ, ಅಕ್ಷರ ಹೇಗೆ ಕೂರುತ್ತೆ ನೋಡ್ತೀನಿ."

ನಿಂತುಕೊಂಡೇ ಹೊಡೆದೆ. 'ಓದು ಹತ್ತದ ಅಕ್ಕನ ಪುರಾಣ ಇಲ್ಲಿ ಎರಡು ಸಾಲು. ಹೆಸರು ಆಮೇಲೆ.'

ಮಾರ್ಜಿನ್ ನಕ್ಕ. ನಾನೂ ನಕ್ಕು ಟೀ ಕುಡಿಯೋಕೆ ಹೋದೆ.

ಹತ್ತು ದಿನಕ್ಕೆ ನೇಯ್ದ ಮಾದರಿ ಬಂತು. ನೀಲಿ ಪಟ್ಟಿ ಮೇಲೆ ಕೆನೆ ಬಣ್ಣದ ಅಕ್ಷರ. ಮಾರ್ಜಿನ್ ಅದರ ಮೇಲೆ ಹೆಬ್ಬೆರಳು ಸವರಿ ಕಣ್ಣು ಮುಚ್ಚಿಕೊಂಡ. ಫೋಟೋದವಳು ಬೆಳಕಿಗೆ ಹಿಡಿದು ಐದಾರು ಫೋಟೋ ತೆಗೆದಳು. ಒತ್ತಕ್ಷರ ಎಷ್ಟು ಮುದ್ದಾಗಿ ಬಂದಿದೆ ನೋಡು ಅಂತ ನಾನು ಅಂದೆ, ಆಗಲಿ ಅಂತ ಸಹಿಯನ್ನೂ ಹಾಕಿದೆ. ಮೂವರೂ ನೋಡಿದೆವು, ಒಬ್ಬರೂ ಓದಲಿಲ್ಲ. ಜುಜುಬಿ ಲೇಬಲ್ಲನ್ನು ಮೇಷ್ಟ್ರ ಹತ್ತಿರ ಯಾರು ಕಳಿಸುತ್ತಾರೆ?

ಶನಿವಾರ ಅಂಗಡಿ ತೆರೆಯೋದು ಅಂತ ನಿಗದಿಯಾಗಿತ್ತು. ಸೋಮವಾರ ಪೆಟ್ಟಿಗೆಗಳು ಬಂದವು. ನಾನು ಮೊದಲ ಕೋಟು ತೆಗೆದು ಹಾಕಿಕೊಂಡು ಕನ್ನಡಿ ಮುಂದೆ ತಿರುಗಿದೆ. ಬೆನ್ನಿನ ಮಡಿಕೆಯನ್ನೂ ಕಬಳಿಸಿರಲಿಲ್ಲ. ಹಿಂದೆ ನಿಂತು ಕಾಲರ್ ಸರಿಮಾಡುತ್ತಿದ್ದ ಮಾರ್ಜಿನ್ನನ ಕೈ ಹಾಗೇ ನಿಂತಿತು.

"ಓದು... ಹತ್ತದ..." ಅಂತ ಒಂದನೇ ಕ್ಲಾಸಿನವನ ಹಾಗೆ ಓದಿದ.

ನಾನು ಗಕ್ಕನೆ ತಿರುಗಿದೆ. ಕೋಟು ಕಿತ್ತು ನೋಡಿದೆ. ಇನ್ನೊಂದು ಪೆಟ್ಟಿಗೆ ಒಡೆದು ನೋಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಇದು ಎಲ್ಲಿಗೂ ಹೋಗಿರಲಿಲ್ಲ, ಮುನ್ನೂರು ಕಾಲರುಗಳಲ್ಲಿ ಗಟ್ಟಿಯಾಗಿ ಕೂತಿತ್ತು.

ಫೋಟೋದವಳು ಬ್ಲೇಡು ತಂದು ಒಂದನ್ನು ಕೀಳೋಕೆ ನೋಡಿದಳು. ಲೇಬಲ್ಲು ಕಾಲರಿನ ಹೊಲಿಗೆಯೊಳಗೇ ಸಿಕ್ಕಿಕೊಂಡಿತ್ತು. ಲೇಬಲ್ಲಿನ ಜೊತೆ ಲೈನಿಂಗೂ ಗೇಣುದ್ದ ಹರಿಯಿತು. ಫ್ಯಾಕ್ಟರಿಗೆ ಫೋನ್ ಮಾಡಿದರೆ, ಬಿಚ್ಚಿ ಕೊಡೋದಕ್ಕೆ ಮೂರು ವಾರ ಬೇಕು ಅಂದರು.

"ಇದನ್ನ ನೀಟಾಗಿ ಬಿಚ್ಚೋರು ಯಾರೂ ಸಿಗಲ್ವಾ?" ಅಂದಳು ಫೋಟೋದವಳು. ಅಂದವಳು ನನ್ನ ಮುಖ ನೋಡಿ ಬಾಯಿ ಮುಚ್ಚಿದಳು. ಯಾರು ಅಂತ ಮೂವರಿಗೂ ಗೊತ್ತಿತ್ತು.

ಹೋಗಿ ಕಾಲು ಹಿಡಿದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅಂಗಡಿ ತೆರೆಯೋ ದಿನವನ್ನು ಮುಂದೂಡಬಹುದಿತ್ತು. ಕರೆದವರ ಮುಂದೆ ಮುಖ ಹೋಗುತ್ತೆ ಅಂತ ಅದನ್ನೂ ಮಾಡಲಿಲ್ಲ. ಅಕ್ಕ ಓದೋದು ನಿಧಾನ, ಕೆಲಸಕ್ಕೆ ಕೂತರೆ ಹೊಲಿಗೆ ಬಿಟ್ಟು ಬೇರೇನೂ ನೋಡೋದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ಯೋಗ್ಯತೆ ಎಷ್ಟು ಅಂತ ಇದರಲ್ಲೇ ಗೊತ್ತಾಗುತ್ತೆ.

ವ್ಯಾನಿನಲ್ಲಿ ಪೆಟ್ಟಿಗೆ ಹೇರಿಕೊಂಡು ಹೋದೆ. ಅಕ್ಕ ದೂರದಿಂದಲೇ ನೋಡಿ ನೆಟ್ಟಗೆ ಎದ್ದಳು, ತಲೆ ಮೆಟ್ಟಿಲಿಗೆ ಬಡಿಯಿತು. ಅದನ್ನು ಉಜ್ಜಿಕೊಳ್ಳುತ್ತಲೇ ನಗುತ್ತಾ, ಪಕ್ಕದ ಚಪ್ಪಲಿ ಹೊಲಿಯುವವನನ್ನು ಕೂಗಿದಳು. "ಬಾರಪ್ಪಾ, ನಾನು ಹೇಳ್ತಿದ್ದೆನಲ್ಲ, ಬಂತು ನೋಡು." ಕೈಯನ್ನು ಎರಡೆರಡು ಸಲ ಒರೆಸಿಕೊಂಡು ಒಂದು ಕೋಟು ಎತ್ತಿಕೊಂಡಳು. ಅವಳ ಬೆರಳು ನೇರ ಕಾಲರಿಗೆ ಹೋಯಿತು.

ನಾನು ಕೋಟನ್ನು ಕಿತ್ತುಕೊಂಡೆ. "ಅಕ್ಕಾ, ಒಂದು ಎಡವಟ್ಟಾಗಿದೆ. ಲೇಬಲ್ಲಲ್ಲಿ ಅಕ್ಷರ ತಪ್ಪು ಬಿದ್ದಿದೆ. ಎಲ್ಲಾ ಬಿಚ್ಚಬೇಕು. ಶನಿವಾರಕ್ಕೆ ಬೇಕೇ ಬೇಕು."

"ನನ್ನ ಹೆಸರಲ್ಲಿ ತಪ್ಪಾಯ್ತಾ?"

"ಹೂಂ."

ಈ ಹೂಂ ಅನ್ನೋದು ಎಷ್ಟು ಸಲೀಸಾಗಿ ಬಂತು ಅಂತ ಈಗಲೂ ಅನಿಸುತ್ತೆ. ಚಪ್ಪಲಿಯವನು, "ಬಿಡಿ ಅಕ್ಕೋರೆ, ಮೊದಲ ಸಲ ಅಲ್ವಾ" ಅಂತ ಸಮಾಧಾನ ಹೇಳಿ ಹೋದ. ಅಕ್ಕನ ಮುಖ ಸ್ವಲ್ಪ ಸಣ್ಣಗಾಯಿತು. ಆಮೇಲೆ ಅವಳೇ ನನ್ನ ಬೆನ್ನು ತಟ್ಟಿದಳು. "ಅದಕ್ಯಾಕೆ ಇಷ್ಟು ಬೆವರ್ತೀಯೇ? ತಪ್ಪು ಮನುಷ್ಯರು ಮಾಡದೆ ಮರ ಮಾಡುತ್ತಾ? ಗುರುವಾರ ಮಧ್ಯಾಹ್ನ ಬಾ."

ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ಫೋನ್ ರಿಂಗಾದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಕ್ಕನ ಫೋನ್ ಬರಲೇ ಇಲ್ಲ. ಬರದೇ ಇದ್ದಷ್ಟೂ, ಓದಿಲ್ಲ, ಓದಿರಲಾರಳು ಅಂತ ಧೈರ್ಯ ತಂದುಕೊಂಡೆ.

ಗುರುವಾರ ಹೋದಾಗ ಕೋಟುಗಳೆಲ್ಲ ಮಡಿಸಿ ಸಿದ್ಧವಾಗಿದ್ದವು. ಮೆಟ್ಟಿಲ ಮೇಲೆ ಯಾರೋ ಧಡಧಡ ಇಳಿದು ಹೋದರು. ಅಕ್ಕ ಒಂದರ ಕಾಲರ್ ಬಿಡಿಸಿ ಬೆಳಕಿಗೆ ಹಿಡಿದಳು.

"ನೋಡು. ಒಂದು ತೂತಿಲ್ಲ. ಬಿಚ್ಚಿ ಮತ್ತೆ ಅದೇ ಹೊಲಿಗೆ ಮೇಲೇ ಹೊಲಿದಿದ್ದೀನಿ. ಹರಿದಿತ್ತಲ್ಲ ಒಂದು, ಅದರ ಲೈನಿಂಗೂ ಬದಲಾಯಿಸಿದೆ."

"ನಿನ್ನ ಕೈಗೆ ಸಾಟಿ ಇಲ್ಲ ಅಕ್ಕ" ಅಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

"ಅಕ್ಷರ ತಪ್ಪು ಅಂದಿದ್ದೆ." ಅವಳು ಕನ್ನಡಕ ತೆಗೆದು ಒರೆಸಿದಳು. "ಎರಡು ಸಲ ಓದಿದೆ. ಒಂದಕ್ಷರ ತಪ್ಪಿಲ್ಲ ಕಣೇ."

ನಾನು ಮಡಿಸಿಟ್ಟ ಕೋಟನ್ನೇ ಬಿಡಿಸಿ ಮತ್ತೆ ಮಡಿಸತೊಡಗಿದೆ.

"ಹೆಸರು ತಪ್ಪು ಅಂದೆ. ತಪ್ಪು ಬೀಳೋದಕ್ಕೆ ಹೆಸರು ಇರಬೇಕಲ್ಲ ಅದರಲ್ಲಿ."

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಬಾಯಿ ಬಿಟ್ಟದ್ದು ನಾನು. ಡಮ್ಮಿ ಅಂದರೇನು, ಯಾಕೆ ಹಾಕುತ್ತಾರೆ, ಮೇಷ್ಟ್ರು ಹೇಗೆ ತಿದ್ದುತ್ತಾರೆ, ನೇಯೋರು ಹೇಗೆ ಓದದೆ ನೇಯ್ದರು, ಎಲ್ಲಾ ಗಡಬಡಿಸಿ ಹೇಳಿದೆ. ಎಲ್ಲರ ತಪ್ಪೂ ಬಂತು ನನ್ನ ಮಾತಿನಲ್ಲಿ. ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ನಾನಾಗಿದ್ದರೆ ಫೋನ್ ನೋಡುತ್ತಿದ್ದೆ.

"ಅಂದರೆ ಯಾರೂ ಓದಲ್ಲ ಅಂತ ಗೊತ್ತಿದ್ದಾಗ ಬರೆಯೋದು" ಅಂದಳು.

"ಹೂಂ ಅಕ್ಕ. ಬರೀ ತಮಾಷೆಗೆ."

"ಪುರಾಣ ಅಂದಿದ್ದಕ್ಕೆ ನನಗೇನೂ ಇಲ್ಲ. ನಾನು ಮಾತು ಶುರು ಮಾಡಿದರೆ ಪುರಾಣವೇ." ಸೂಜಿಯನ್ನು ದಿಂಬಿಗೆ ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು. "ಓದು ಹತ್ತಲಿಲ್ಲ ಅನ್ನೋದು ಹೊರಗಿನವರಿಗೆ ಹೇಳೋದಕ್ಕೆ ಅಮ್ಮ ಮಾಡಿಟ್ಟ ಮಾತು. ನೀನು ಮನೆಯವಳಲ್ಲವೇನೇ? ನೀನೂ ನಂಬಿದೆಯಾ?"

ನಂಬಿರಲಿಲ್ಲ. ಅದೇ ಹೇಳೋಕಾಗದ ಮಾತು. ನಂಬಿದ್ದರೆ ದಡ್ಡತನ ಅಂತಾದರೂ ಆಗುತ್ತಿತ್ತು. ನಿಜ ಗೊತ್ತಿದ್ದೂ, ನಾಲ್ಕು ಜನ ನಗಲಿ ಅಂತ ಬರೆದಿದ್ದೆ. ಅವಳು ಬಿಟ್ಟ ಓದನ್ನೇ ಓದಿ ಕಲಿತ ಅಕ್ಷರದಲ್ಲಿ ಬರೆದಿದ್ದೆ. ನಾನು ಅಳೋಕೆ ಶುರು ಮಾಡಿದೆ.

"ಆ ಕಡೆ ತಿರುಗಿ ಅಳು" ಅಂದಳು ಅಕ್ಕ. "ಕೋಟಿನ ಮೇಲೆ ಬಿದ್ದರೆ ಕಲೆ ಆಗುತ್ತೆ."

"ಹತ್ತೇ ದಿನ ಅಕ್ಕಾ. ಹೊಸ ಲೇಬಲ್ ಮಾಡಿಸ್ತೀನಿ, ದೊಡ್ಡದಾಗಿ ನಿನ್ನ ಹೆಸರೇ ಹಾಕಿಸ್ತೀನಿ. ಈಗ ಬಂದವರಿಗೆಲ್ಲ ನಾನೇ ಬಾಯಲ್ಲಿ ಹೇಳ್ತೀನಿ, ಇದು ನಮ್ಮಕ್ಕನ ಕೋಟು ಅಂತ. ನೀನು ಶನಿವಾರ ಬರಲೇಬೇಕು."

"ಬರ್ತೀನಿ. ನೀನು ಕರೆದ ಮೇಲೆ ಬರದೇ ಇರ್ತೀನಾ" ಅಂದಳು. ವ್ಯಾನಿಗೆ ಪೆಟ್ಟಿಗೆ ಹೇರೋದಕ್ಕೂ ಕೈ ಹಾಕಿದಳು.

ಶನಿವಾರ ಹನ್ನೊಂದು ಗಂಟೆಗೆಲ್ಲ ಅಂಗಡಿ ತುಂಬಿ ಬೀದಿಗೂ ಜನ ನಿಂತಿದ್ದರು. ನಮ್ಮ ಓದುಗರೇ ಹೆಚ್ಚು. ಒಬ್ಬರಿಗೊಬ್ಬರು ಭುಜ ತಾಗಿಸದೆ, ಮೆಲ್ಲಗೆ ಮಾತಾಡಿಕೊಂಡು, ಕೋಟಿನ ಜೇಬಿಗೆ ಕೈ ಬಿಟ್ಟು ಬಿಟ್ಟು ನೋಡುತ್ತಿದ್ದರು. ಮೊದಲ ಸಂಚಿಕೆಯಿಂದ ನಮ್ಮನ್ನು ಓದುತ್ತಿರುವ ಹಲ್ಲಿನ ಡಾಕ್ಟರಮ್ಮ ಒಬ್ಬರು ಕಾಲರ್ ಮಗುಚಿ ನೋಡಿದರು.

"ಅರೆ, ಒಳಗೆ ಹೆಸರೇ ಇಲ್ಲವಲ್ಲ!"

ಸುತ್ತಲಿನ ಏಳೆಂಟು ಜನ ತಿರುಗಿದರು. ಹೇಳಬೇಕಾಗಿದ್ದ ಮಾತು ನನ್ನ ಬಾಯಲ್ಲೇ ಇತ್ತು. ಎರಡು ದಿನ ಕನ್ನಡಿ ಮುಂದೆ ಹೇಳಿ ನೋಡಿಕೊಂಡ ಮಾತು. ಹೇಳಿದರೆ ಲೇಬಲ್ಲು ಯಾಕಿಲ್ಲ ಅಂತ ಕೇಳುತ್ತಾರೆ, ಅದಕ್ಕೂ ಉತ್ತರ ಕೊಡಬೇಕಾಗುತ್ತೆ ಅನ್ನೋದು ಆ ಗಳಿಗೆಯಲ್ಲಿ ಹೊಳೆಯಿತು. ಹನ್ನೊಂದು ವರ್ಷ ಚೆಂದದ ವಾಕ್ಯ ಮಾಡಿ ಪಳಗಿದ ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: "ಬೇಕೆಂತಲೇ ಖಾಲಿ ಬಿಟ್ಟಿದ್ದೀವಿ. ಉಡುವವರದೇ ಕೋಟು, ಅದಕ್ಕೆ ಇನ್ನೊಬ್ಬರ ಹೆಸರಿನ ಹಂಗು ಯಾಕೆ?"

"ಆಹಾ!" ಅಂದರು ಡಾಕ್ಟರು. ಯಾರೋ ಅದನ್ನು ಬರೆದುಕೊಂಡರು. ಮಾರ್ಜಿನ್ ನೆಲ ನೋಡಿದ.

ಹೇಳಿ ತಲೆ ಎತ್ತಿದರೆ ಬಾಗಿಲಲ್ಲಿ ಅಕ್ಕ. ತಲೆ ಬಾಚಿಕೊಂಡು, ತನ್ನ ಹಳೇ ಕೋಟನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ. ಹಿಂದೆ ಚಪ್ಪಲಿಯವನೂ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಡಾಕ್ಟರು ಕೋಟು ನೋಡಿ ಅವಳ ಹತ್ತಿರ ಸರಿದರು. ಓರೆ ಜೇಬು ಮುಟ್ಟಿದರು, ಬೆನ್ನಿನ ಮಡಿಕೆ ನೋಡಿದರು. "ಇದು ಎಷ್ಟು ಹಳೇದಾಗಿದೆ! ಮೊದಲನೇದು ಇದೇ ಇರಬೇಕಲ್ಲವಾ? ಇದನ್ನ ಹೊಲಿದವರು ನೀವೇನಾ?"

"ಇವಳು ನಮ್ಮಕ್ಕ..." ಅಂತ ನಾನು ಶುರು ಮಾಡಿದೆ. ಅಷ್ಟಕ್ಕೇ ನಿಲ್ಲಿಸಿ ಪಕ್ಕದ ಕೋಟಿನ ಕಾಲರ್ ಸರಿಮಾಡಿದೆ.

ಅಕ್ಕ ನನ್ನ ಮುಖ ಒಂದು ಸಲ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಗಿರಾಕಿಗಳ ಹತ್ತಿರ ಮಾತಾಡೋ ಅದೇ ಮೆದು ದನಿಯಲ್ಲಿ ಹೇಳಿದಳು.

"ಇಲ್ಲಮ್ಮ. ನಾನು ಹೊಲಿದವಳಲ್ಲ, ಬಿಚ್ಚಿದವಳು."

ಯಾರಿಗೂ ಅರ್ಥವಾಗಲಿಲ್ಲ. ಜಾಣತನದ ಮಾತು ಇರಬೇಕು ಅಂದುಕೊಂಡರು. ಅಕ್ಕ ತಂಗಿ ಇಬ್ಬರೂ ಮಾತಿನಲ್ಲಿ ಒಂದೇ ಅಂತ ಯಾರೋ ಅಂದರು, ಡಾಕ್ಟರು ಜೋರಾಗಿ ನಕ್ಕರು, ಎಲ್ಲರೂ ನಕ್ಕರು. ನಾನೂ ನಕ್ಕೆ.